ಸಾವಿರದ ಎಂಬತ್ತು ಸುತ್ತು

ಒಮ್ಮೆ ಅಗೆದ ನೆಲ ಅದನ್ನು ಮರೆಯುವುದಿಲ್ಲ. ಮೇಲೆ ಹುಲ್ಲು ಬೆಳೆಯಬಹುದು, ಹಿಮ ಬಿದ್ದು ಕರಗಬಹುದು, ಸಾವಿರ ಬಂಡಿ ಹಾದುಹೋಗಬಹುದು. ಹಾರೆ ಒಳಗೆ ಇಳಿದಾಗ ಮಾತ್ರ ನೆಲ ನಿಜ ಹೇಳಿಬಿಡುತ್ತದೆ. ನಾನು ಗುಂಡಿ ತೋಡಿ ಬದುಕಿದವನು. ಬಾವಿ ತೋಡಿದ್ದೇನೆ, ಪಾಯ ತೋಡಿದ್ದೇನೆ, ನಮ್ಮ ಸಭೆಯವರಿಗೆ ಗೋರಿ ತೋಡಿದ್ದೇನೆ, ಕೊನೆಗೆ ತಂತಿ ಕಂಬಕ್ಕೂ ತೋಡಿದೆ. ದೇವರು ನನಗೆ ಓದು ಬರಹ ಹೆಚ್ಚು ಕೊಡಲಿಲ್ಲ. ಇದೊಂದು ವಿದ್ಯೆಯನ್ನು ಅಂಗೈಗೆ ಇಟ್ಟ. ಅದೂ ಬೇಡವಾಗಿತ್ತು ಅನ್ನಿಸಿದ್ದು ನನ್ನ ಜೀವಮಾನದಲ್ಲಿ ಒಂದೇ ಒಂದು ದಿನ.

ಅದು ಸುದ್ದಿ ಒಯ್ಯುವ ಟೆಲಿಗ್ರಾಫ್ ತಂತಿ ಎಳೆದ ವರ್ಷ. ಪೂರ್ವದಿಂದ ಒಂದು ತಂಡ ಬಯಲಿನ ಮೇಲೆ ಕಂಬ ನೆಡುತ್ತಾ ಬರುತ್ತಿತ್ತು. ಉಪ್ಪಿನ ಸರೋವರದ ನಮ್ಮ ಊರಿನಿಂದ ನಾವು ಪೂರ್ವಕ್ಕೆ ಹೊರಟಿದ್ದೆವು. ನಡುವೆ ಎಲ್ಲೋ ಎರಡು ತಂತಿಯ ತುದಿ ಕೂಡಬೇಕು, ಹಿಮ ಬೀಳುವುದರೊಳಗೆ ಕೂಡಬೇಕು. ಕಂಬವೂ ಕೂಲಿಯಾಳುಗಳೂ ನಮ್ಮ ಸಭೆಯವು. ತಂತಿ ಮಾತ್ರ ಕಂಪನಿಯದು, ಮೇಸ್ತ್ರಿಯೂ ಕಂಪನಿಯವನೇ. ಪ್ಲಂಕೆಟ್ ಎಂದು ಹೆಸರು. ಐರ್ಲೆಂಡಿನವನು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುವ ಪಂಗಡದವನು, ಕೆಂಪು ಗಡ್ಡದವನು. ನಮ್ಮ ಸಭೆಯಲ್ಲಿ ಒಬ್ಬರನ್ನೊಬ್ಬರು ಅಣ್ಣ ಅಕ್ಕ ಎಂದು ಕರೆಯುತ್ತೇವೆ, ಭಕ್ತರನ್ನೆಲ್ಲ ಸಂತರು ಎನ್ನುತ್ತೇವೆ. ಮೇಸ್ತ್ರಿಗೆ ಅಷ್ಟೇ ಸಾಕಾಗಿತ್ತು. "ಏಳಿ ಸಂತರೇ, ಹಾರೆ ಹಿಡೀರಿ ಸಂತರೇ" ಎಂದು ಬೆಳಗಿನಿಂದ ಸಂಜೆಯವರೆಗೆ ಗೇಲಿ ಮಾಡುತ್ತಿದ್ದ. ಕೆಟ್ಟವನಲ್ಲ. ಅವನಿಗೂ ದಣಿವಾಗಿತ್ತು, ಅಷ್ಟೆ. ಆ ಬೇಸಿಗೆಯಲ್ಲಿ ದಣಿಯದೇ ಇದ್ದ ಪ್ರಾಣಿ ಆ ದಾರಿಯಲ್ಲಿ ಒಂದೂ ಇರಲಿಲ್ಲ. ಎತ್ತುಗಳು ನಿಂತಲ್ಲೇ ನಿದ್ದೆ ಮಾಡುತ್ತಿದ್ದವು.

ಕೆಲಸದ ಕ್ರಮ ಹೀಗಿತ್ತು. ಎಲ್ಲರಿಗಿಂತ ಮುಂದೆ ಜೇಬೆಜಣ್ಣ ನಡೆಯುವನು. ಎಂಬತ್ತು ಹೆಜ್ಜೆ ಎಣಿಸಿ ನಿಂತು, ನೆಲಕ್ಕೆ ಒಂದು ಗೂಟ ಹೊಡೆದು, ದೂರದಿಂದ ಕಾಣಲೆಂದು ಅದರ ತಲೆಗೆ ಕೆಂಪು ಬಟ್ಟೆಚೂರು ಕಟ್ಟುವನು. ಮತ್ತೆ ಎಂಬತ್ತು. ಅವನ ಹಿಂದೆ ಗುಂಡಿ ತೋಡುವ ನಾವು ನಾಲ್ವರು. ಮೊದಲ ಗೂಟ ಒಬ್ಬನಿಗೆ, ಎರಡನೆಯದು ಇನ್ನೊಬ್ಬನಿಗೆ. ಹೀಗೆ ನಾಲ್ಕಕ್ಕೊಂದು ನನ್ನ ಪಾಲಿಗೆ. ನಮ್ಮ ಹಿಂದೆ ಕಂಬದ ಬಂಡಿ, ಅದರ ಹಿಂದೆ ತಂತಿಯ ಬಂಡಿ, ಕೊನೆಗೆ ಹುಲ್ಡಾ ಅಕ್ಕನ ಅಡಿಗೆ ಬಂಡಿ.

ಜೇಬೆಜ್ ಥ್ರಾಸೆಲ್ ಅರವತ್ತು ದಾಟಿದವನು. ಸಮುದ್ರದಾಚೆ ಇಂಗ್ಲೆಂಡಿನಲ್ಲಿ ನೇಕಾರನಾಗಿದ್ದ. ನೇಕಾರನಿಗೆ ಎಣಿಕೆಯೆಂದರೆ ಉಸಿರಾಟವಿದ್ದ ಹಾಗೆ. ಮಾತಾಡುತ್ತಾ ಎಣಿಸುವನು, ಹಾಡು ಗುನುಗುತ್ತಾ ಎಣಿಸುವನು. ಅವನ ಹೆಜ್ಜೆ ಏರಿನಲ್ಲೂ ಇಳಿಜಾರಿನಲ್ಲೂ ಒಂದೇ ಉದ್ದ. ಮೇಸ್ತ್ರಿ ಒಮ್ಮೆ ಸರಪಳಿ ಹಿಡಿದು ಅಳೆದು ನೋಡಿ, "ಈ ಮುದುಕನ ಕಾಲು ಬೀಳೋವರೆಗೆ ಸರಪಳಿ ಪೆಟ್ಟಿಗೇಲಿರ್ಲಿ" ಅಂದಿದ್ದ.

ಬೆಟ್ಟದ ಕಣಿವೆ ದಾಟಿ ಸಿಹಿನೀರ ಹೊಳೆಯ ಬಯಲಿಗೆ ಇಳಿದ ಸಂಜೆ ಊಟಕ್ಕೆ ಕುಳಿತಿದ್ದೆವು. ಅಲ್ಲಿ ಸೌದೆಯೆಂಬುದು ಇಲ್ಲ. ಹುಲ್ಡಾ ಅಕ್ಕ ಸೆರಗಿನಂಥ ತನ್ನ ಮುಂಬಟ್ಟೆಯಲ್ಲಿ ಕಾಡುಕೋಣದ ಒಣ ಸಗಣಿ ಆಯ್ದು ತಂದು ಒಲೆ ಹಚ್ಚಿದ್ದಳು. ಬೇಯಿಸಿದ ಹುರುಳಿ, ಉಪ್ಪು ಹಂದಿಮಾಂಸ, ಹೊಟ್ಟೆಗಿಂತ ಹಲ್ಲಿಗೇ ಹೆಚ್ಚು ಕೆಲಸ ಕೊಡುವ ರೊಟ್ಟಿ.

ನಮ್ಮ ಸಭೆಯವರು ಕಾಫಿ ಮುಟ್ಟುವುದಿಲ್ಲ. ಮೇಸ್ತ್ರಿ ತಟ್ಟೆ ಹಿಡಿದು ಬಂದು ಕುಳಿತ. "ಏನ್ ಸಂತರೇ, ಕಾಫಿ ಕುಡಿದ್ರೆ ನರಕ, ಬಿಸಿನೀರು ಕುಡಿದ್ರೆ ಸ್ವರ್ಗನಾ?"

"ಸ್ವರ್ಗದ ವಿಷ್ಯ ನಂಗೊತ್ತಿಲ್ಲ ಮೇಸ್ತ್ರಿ" ಅಂದಳು ಹುಲ್ಡಾ ಅಕ್ಕ. "ಕಾಫಿಪುಡಿ ಇವತ್ತಿಗೆ ಮುಗೀತು. ನಾಳೆಯಿಂದ ನಿಮಗೂ ಬಿಸಿನೀರೇ. ನೀವೂ ಸಂತರಾಗ್ಬಿಡಿ."

ನಮ್ಮವರೆಲ್ಲ ನಕ್ಕರು. ಜೇಬೆಜಣ್ಣ ನಗಲಿಲ್ಲ. ಬಯಲಿನಾಚೆ ಹೊಳೆ ತಿರುಗುವ ಕಡೆಗೆ ನೋಡುತ್ತಿದ್ದ. ಊಟ ಮುಗಿದ ಮೇಲೆ ನನ್ನ ಪಕ್ಕಕ್ಕೆ ಜರುಗಿ, "ಸೈಲಸ್ ತಮ್ಮಾ, ನಾಡಿದ್ದು ಭಾನುವಾರ. ಕೆಲಸ ಇರಲ್ಲ. ಪ್ರಾರ್ಥನೆ ಮುಗಿಸ್ಕೊಂಡು ನನ್ನ ಜೊತೆ ಬರ್ತೀಯಾ? ಒಂದು ಹುರಿ ಹಿಡಿಯೋಕೆ ಇನ್ನೊಬ್ರು ಬೇಕು" ಅಂದ.

"ಯಾವ ಹುರಿ?"

ಅಂಗಿಯ ಒಳಗಿನಿಂದ ಒಂದು ಸೆಣಬಿನ ಹುರಿ ತೆಗೆದ. ಬೆವರಿಗೆ ಕಪ್ಪಾಗಿತ್ತು, ಎರಡು ತುದಿಗೂ ಗಂಟು ಬಿಗಿದಿತ್ತು. "ಎಂಟೂ ಮುಕ್ಕಾಲು ಮೊಳ" ಅಂದ. "ಬಂಡಿಗಾಲಿಯ ಒಂದು ಸುತ್ತು."

ಆಮೇಲೆ ಹೇಳಿದ. ಆರು ವರ್ಷದ ಹಿಂದೆ ಅವನೂ ಅವನ ಹೆಂಡತಿ ಡಾರ್ಕಸಳೂ ನಮ್ಮ ಸಭೆಯ ಎಂಟು ಬಂಡಿಗಳ ಜೊತೆ ಇದೇ ದಾರಿಯಲ್ಲಿ ಪಶ್ಚಿಮಕ್ಕೆ ಬಂದವರು. ಆಗೆಲ್ಲ ದಾರಿಯ ದೂರ ತಿಳಿಯಲು ಗಾಲಿಗೆ ಬಟ್ಟೆಚೂರು ಕಟ್ಟಿ ಸುತ್ತು ಎಣಿಸುವುದಿತ್ತು. ನೇಕಾರ ಸಿಕ್ಕಿದ ಮೇಲೆ ಆ ಕೆಲಸ ಇನ್ಯಾರಿಗೆ ಬೀಳುತ್ತದೆ? ಸಿಹಿನೀರ ಹೊಳೆಯ ಕೊನೆಯ ಹಾಯ್ಗಡದಲ್ಲಿ, ಬಂಡಿ ಹಾಯುವಷ್ಟು ನೀರು ಕಮ್ಮಿಯಿರುವ ಕಡೆ, ಹೊಳೆ ದಾಟಿದ ಮೇಲೆ ಹೊಸದಾಗಿ ಒಂದರಿಂದ ಶುರು ಮಾಡಿದ್ದ. ಡಾರ್ಕಸ್ ಹಿಂದಿನ ದಿನವೇ ಮಲಗಿಬಿಟ್ಟಿದ್ದಳು. ಬೆಟ್ಟದ ಜ್ವರ. ಬಂಡಿಯ ಹಿಂಭಾಗದಲ್ಲಿ ಹಿಟ್ಟಿನ ಚೀಲಗಳ ನಡುವೆ ಹಾಸಿಗೆ.

"ಗಾಲಿ ಒಂದು ಸುತ್ತು ಬಂದಾಗೆಲ್ಲ ಬಟ್ಟೆ ಹಲಗೆಗೆ ಪಟ್ ಅಂತ ಬಡೀತಿತ್ತು. ಆ ಸದ್ದು ಅವಳಿಗೆ ಆಗ್ತಿರ್ಲಿಲ್ಲ. ‘ತಲೇಲಿ ಮೊಳೆ ಹೊಡೆದಂಗಾಗುತ್ತೆ, ಬಿಚ್ಚಿಬಿಡ್ರಿ’ ಅಂದ್ಲು."

"ಬಿಚ್ಚಿದ್ಯಾ?"

ಅವನು ಹುರಿಯನ್ನು ಬೆರಳಿಗೆ ಸುತ್ತಿದ. "ಎಣಿಸೋದು ನಿಲ್ಲಿಸ್ಲಿಲ್ಲ ಕಣಪ್ಪಾ. ಸಾವಿರದ ಎಂಬತ್ತರವರೆಗೆ ಎಣಿಸಿದೀನಿ, ಅದು ಗೊತ್ತು. ಅಂದ್ಮೇಲೆ ಬಿಚ್ಚಿರಲಾರೆ. ಸಾಯೋ ಹೆಂಡ್ತಿ ಕೇಳಿದ್ದೊಂದನ್ನೂ ಮಾಡದೆ ಪಟ್ ಪಟ್ ಅಂತ ಎಣಿಸ್ಕೊಂಡು ಬಂದಿದೀನಿ."

ಸಾವಿರದ ಎಂಬತ್ತನೆಯ ಸುತ್ತಿಗೆ ಬಂಡಿಗಳು ರಾತ್ರಿಯ ತಂಗುವಿಕೆಗೆ ನಿಂತಿದ್ದವು. ಬೆಳಗಿನ ಹೊತ್ತಿಗೆ ಅವಳು ಇರಲಿಲ್ಲ. ದಾರಿಯಲ್ಲಿ ಸತ್ತವರನ್ನು ದಾರಿಯಲ್ಲೇ ಹೂಳುವುದು ಆ ಕಾಲದ ಪದ್ಧತಿ. ಗಾಲಿಯ ಜಾಡಿನ ನಡುವೆ ತೋಡಿ, ಮುಚ್ಚಿ, ಎಲ್ಲ ಬಂಡಿಗಳನ್ನೂ ಅದರ ಮೇಲೆ ಹಾಯಿಸಿಬಿಡುವುದು. ಹಾಗೆ ಮಾಡಿದರೆ ತೋಳ ಬಗೆಯುವುದಿಲ್ಲ. ಗುರುತೂ ಉಳಿಯುವುದಿಲ್ಲ. ಮರದ ಶಿಲುಬೆ ನೆಟ್ಟರೆ ಹಿಂದೆ ಬರುವವರು ಒಲೆಗೆ ಹಾಕುತ್ತಾರೆ. ಮರವಿಲ್ಲದ ದೇಶ, ಅವರದೂ ತಪ್ಪಲ್ಲ.

"ಪೆಟ್ಟಿಗೆ ಮಾಡೋಕೆ ಹಲಗೆ ಇರ್ಲಿಲ್ಲ. ಅವಳದೇ ಹಿಟ್ಟು ನಾದೋ ಮಣೆ ಎದೆ ಮೇಲಿಟ್ಟು ಮಣ್ಣು ಹಾಕ್ದೆ. ಗೋಡೆಗೆ ನೇತುಹಾಕೋಕೆ ಅಂತ ಮೂಲೇಲಿ ಹೆಬ್ಬೆಟ್ಟು ಹೋಗೋವಷ್ಟು ತೂತು ಮಾಡಿಸ್ಕೊಂಡಿದ್ಲು. ಹಾಕೋಕೆ ಗೋಡೆನೇ ಸಿಗ್ಲಿಲ್ಲ ಪಾಪ." ಅವನ ದನಿ ಏರಲಿಲ್ಲ, ಇಳಿಯಲಿಲ್ಲ. "ಸಾಯೋಕೆ ಹೆದರಿದವಳಲ್ಲ ಕಣೋ. ಕಳೆದುಹೋಗೋಕೆ ಹೆದರಿದ್ಲು. ‘ಇಲ್ಲಿ ಬಿಟ್ಟು ಹೋದ್ರೆ ಆಮೇಲೆ ನಿಮಗೇ ಗುರುತು ಸಿಗಲ್ಲ’ ಅಂದ್ಲು. ಸಿಗುತ್ತೆ, ಎಣಿಸಿಟ್ಕೊಂಡಿದೀನಿ ಅಂದೆ. ಎಷ್ಟು ಅಂತ ಕೇಳಿದ್ಲು. ಹೇಳ್ದೆ. ‘ಮರೀಬೇಡಿ, ಬನ್ನಿ’ ಅಂದ್ಲು. ಅದೇ ಕೊನೆ ಮಾತು."

ಈಗ ನನಗೆ ತಿಳಿಯಿತು, ಅರವತ್ತು ದಾಟಿದ ಮುದುಕ ಈ ಬಿಸಿಲಿನಲ್ಲಿ ಹೆಜ್ಜೆ ಹಾಕುವ ಕೆಲಸಕ್ಕೆ ಯಾಕೆ ಬಂದ ಎಂದು. ಅವನಿಗೆ ಬೇಕಾಗಿದ್ದು ಒಂದು ಕಂಬ. ಕಂಪನಿಯ ಕಂಬವನ್ನು ಯಾರೂ ಉರಿಸುವ ಹಾಗಿಲ್ಲ. ಬಿದ್ದರೆ ಎತ್ತಿ ನಿಲ್ಲಿಸಲು ಸಂಬಳದ ಆಳಿರುತ್ತಾನೆ. ಆ ಸಾವಿರ ಮೈಲಿ ಬಯಲಿನಲ್ಲಿ ನಿಂತೇ ಇರುವ ಮರವೆಂದರೆ ಇನ್ನು ಅದೊಂದೇ. ಅಂಥದ್ದೊಂದು ಅವಳ ತಲೆಯ ಹತ್ತಿರ ಬೀಳಬೇಕು. ಅದಕ್ಕೆ ಮೊದಲು ಅವಳೆಲ್ಲಿದ್ದಾಳೆ ಎಂದು ತಿಳಿಯಬೇಕು.

ಭಾನುವಾರ ಕೀರ್ತನೆ ಮುಗಿಸಿ ಹೊರಟೆವು. ಮೇಸ್ತ್ರಿ ಬಂಡಿಯ ನೆರಳಲ್ಲಿ ಬೂಟು ಬಿಚ್ಚಿ ಮಲಗಿದ್ದವನು ಟೋಪಿ ಎತ್ತಿ ನೋಡಿದ.

"ಸಬ್ಬತ್ ದಿನ ಕೆಲಸ ಮಾಡಿದ್ರೆ ಪಾಪ ಅಂತೀರಿ. ಎಲ್ಲಿಗೆ ಮೆರವಣಿಗೆ?"

"ಪ್ರಾರ್ಥನೆಗೆ" ಅಂದ ಜೇಬೆಜಣ್ಣ.

"ಹುರಿ ಯಾಕೆ? ದೇವರನ್ನ ಕಟ್ಟಿಹಾಕೋಕಾ?"

ಹಾಯ್ಗಡ ನಮ್ಮ ಬಿಡಾರದಿಂದ ಪೂರ್ವಕ್ಕೆ ಆರೇಳು ಮೈಲಿ. ಅಲ್ಲಿಗೆ ಹೋಗಿ, ನೀರಿನ ಅಂಚಿನಿಂದ ಹಿಂದಕ್ಕೆ ಹುರಿ ಹಾಸುತ್ತಾ ಬಂದೆವು. ದಾರಿ ಈಗ ಕೆಸರು ತಪ್ಪಿಸಿಕೊಂಡು ಇಪ್ಪತ್ತು ಮಾರು ಪಕ್ಕಕ್ಕೆ ಸರಿದಿತ್ತು. ಹಳೆಯ ಜಾಡಿನ ಮೇಲೆ ಹುಲ್ಲು ಬಂದಿತ್ತಾದರೂ ಅದು ಇಲ್ಲೇ ಎಂದು ಕಾಣುತ್ತಿತ್ತು. ಅವನು ಒಂದು ತುದಿ ಹಿಡಿದು ಬಗ್ಗುವನು, ನಾನು ಇನ್ನೊಂದು ತುದಿ ಎಳೆದು ಬಗ್ಗಿ ನೆಲಕ್ಕೆ ಬೆರಳೂರುವೆನು. ಅವನು ಎದ್ದು ನನ್ನನ್ನು ದಾಟಿ ಹೋಗಿ ಬಗ್ಗುವನು. ಹೀಗೆ ಸಾವಿರದ ಎಂಬತ್ತು ಸಲ. ನೂರಕ್ಕೆ ಒಂದು ಕಲ್ಲು ಜೇಬಿಗೆ. ಮುನ್ನೂರರ ಹೊತ್ತಿಗೆ ಸೊಂಟ ನನ್ನದಲ್ಲವಾಯಿತು. ಆರುನೂರರ ಹೊತ್ತಿಗೆ ಆ ಬಯಲಿನ ಮೂಲನಿವಾಸಿಗಳಾದ ಶೊಶೋನಿ ಜನರ ಒಂದು ಸಂಸಾರ ಕುದುರೆಗಳ ಮೇಲೆ ಹಾದುಹೋಯಿತು. ಇಬ್ಬರು ಗಂಡಸರು ಕಂಬಳಿಹುಳದ ಹಾಗೆ ಬಯಲಲ್ಲಿ ಬಗ್ಗಿ ಏಳುತ್ತಿರುವುದನ್ನು ಕಂಡು ಅವರ ಮುದುಕಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗದೆ ಇರುವುದು ಹೇಗೆ? ನಾನೂ ನಕ್ಕೆ. ಜೇಬೆಜಣ್ಣ, "ಆರುನೂರ ಹದಿನಾಲ್ಕು" ಅಂದ.

ಕೊನೆಯ ಸುತ್ತು ಮುಗಿದಾಗ ಸೂರ್ಯ ಬೆಟ್ಟದ ಹೆಗಲಿಗೆ ಬಂದಿದ್ದ. ಸುತ್ತ ಏನೂ ಇರಲಿಲ್ಲ. ಬೂದು ಪೊದೆ, ಬೂದು ನೆಲ. ಜೇಬೆಜಣ್ಣ ಅತ್ತಿತ್ತ ನೋಡಿದ. "ಇಲ್ಲೇ ಇರ್ಬೇಕು" ಅಂದ. ಆಮೇಲೆ ಇನ್ನೊಮ್ಮೆ, "ಇಲ್ಲೇ" ಅಂದ. ಮಂಡಿಯೂರಿ ಕುಳಿತ. ನಾನು ಟೋಪಿ ತೆಗೆದು ದೂರ ನಿಂತೆ. ಐದಾರು ಕಲ್ಲು ಒಟ್ಟಿ ಗುರುತು ಮಾಡಿದೆವು. ಬಿಡಾರಕ್ಕೆ ಮರಳುವ ದಾರಿಯಲ್ಲಿ ಅವನು ಒಂದೂ ಹೆಜ್ಜೆ ಎಣಿಸಲಿಲ್ಲವೆಂದು ಕಾಣುತ್ತದೆ. ಎರಡು ಸಲ ಎಡವಿದ.

ಸೋಮವಾರದಿಂದ ಅವನ ಹೆಜ್ಜೆ ಚಿಕ್ಕದಾಯಿತು. ನಮ್ಮಿಂದ ಆ ಕಲ್ಲುಗುಡ್ಡೆಗೆ ಇರುವ ದೂರವನ್ನು ಮನಸ್ಸಿನಲ್ಲೇ ಹಂಚಿಕೊಂಡಿದ್ದ. ಕಂಬಕ್ಕೆ ಅರ್ಧ ಹೆಜ್ಜೆಯಂತೆ ಕದ್ದರೆ ಒಂದು ಕಂಬ ಸರಿಯಾಗಿ ಅಲ್ಲಿಗೇ ಬೀಳುತ್ತದೆ. ಸೀದಾ ಮನುಷ್ಯ, ಕದಿಯುವುದು ಬರುವುದಿಲ್ಲ. ಪ್ರತಿ ಗೂಟಕ್ಕೂ ಹಿಂತಿರುಗಿ ಮೇಸ್ತ್ರಿಯ ಕಡೆ ನೋಡುತ್ತಿದ್ದ.

ಮೇಸ್ತ್ರಿ ಬುಧವಾರ ಹಿಡಿದ. "ಏನ್ ಜೇಬೆಜ್, ಕಾಲು ಸವೀತಾ ಇದೆಯಾ? ಅಥ್ವಾ ಕಂಪನಿ ಕಂಬ ಹೆಚ್ಚಾಗಿದೆ ಅಂತ ಎರಡು ಜಾಸ್ತಿ ನೆಡ್ತಿದ್ದೀಯಾ?"

"ವಯಸ್ಸಾಯ್ತು ಮೇಸ್ತ್ರಿ."

"ಹೋದ ವಾರ ಆಗಿರ್ಲಿಲ್ವಾ?"

ಹುಲ್ಡಾ ಅಕ್ಕ ಬಂಡಿಯಿಂದಲೇ ಕೂಗಿದಳು. "ನಿಮ್ಮ ರೊಟ್ಟಿ ನಾನು ಹೋದ ವಾರಕ್ಕಿಂತ ಚಿಕ್ಕದು ಮಾಡ್ತಿದೀನಿ. ಹೆಜ್ಜೆನೂ ಅಷ್ಟೇ ಬರುತ್ತೆ. ಹಿಟ್ಟು ತರ್ಸಿಕೊಡಿ, ಆಮೇಲೆ ಕಾಲು ಅಳೀರಿ!"

ಮೇಸ್ತ್ರಿ ಗೊಣಗಿಕೊಂಡು ಹೋದ. ಅವಳಿಗೂ ಎಲ್ಲ ಗೊತ್ತಿತ್ತೆಂದು ನನಗೆ ಆಗ ತಿಳಿಯಿತು.

ಶುಕ್ರವಾರ ಬೆಳಗ್ಗೆ ಗೂಟ ಕಲ್ಲುಗುಡ್ಡೆಯ ಮೇಲೇ ಬಂತು. ದೇವರ ಚಿತ್ತವೋ, ಅವನ ಲೆಕ್ಕವೋ, ಆ ಗೂಟ ನನ್ನ ಪಾಲಿನದು. ಜೇಬೆಜಣ್ಣ ಅದಕ್ಕೆ ಎಲ್ಲದರ ಹಾಗೆ ಕೆಂಪು ಬಟ್ಟೆ ಕಟ್ಟಿರಲಿಲ್ಲ. ನೀಲಿ ಹೂವಿನ ಹಳೆಯ ಬಟ್ಟೆಯ ಪಟ್ಟಿಯೊಂದನ್ನು ಕಟ್ಟಿದ್ದ. ಡಾರ್ಕಸಳ ಮುಂಬಟ್ಟೆಯದಂತೆ. ಅವಳನ್ನು ಕೆಣಕದ ಹಾಗೆ ಒಂದು ಮಾರು ಪಕ್ಕಕ್ಕೆ ತೋಡು ಅಂದ. "ಜಾಡಿನ ಅಂಚು ಮಾತ್ರ ಸ್ವಲ್ಪ ಸಡಿಲ ಇರುತ್ತೆ ನೋಡು. ನಾವು ಅಗಲವಾಗೇ ತೋಡಿದ್ವಿ."

ಹಾರೆ ಎತ್ತಿ ಹಾಕಿದೆ. ಠಣ್ ಎಂದಿತು.

ಮತ್ತೆ ಹಾಕಿದೆ. ನೆಲ ಹಲ್ಲು ಕಚ್ಚಿ ನಿಂತಿತ್ತು. ಅವನು ಹೇಳಿದ ಜಾಡಿನ ಅಂಚಿನಲ್ಲಿ ಹಾಕಿದೆ, ಜಾಡಿನ ನಡುವೆ ಹಾಕಿದೆ. ಸುಣ್ಣದ ಗಟ್ಟಿ ಪದರ ಮುರಿಯದೆ, ಬಿರುಕು ಬಿಡದೆ ಎಲ್ಲ ಕಡೆಗೂ ಹಾಸಿಕೊಂಡಿತ್ತು. ಈ ಮಣ್ಣನ್ನು ದೇವರು ಹಾಸಿದ ದಿನದಿಂದ ಒಬ್ಬನೂ ಎತ್ತಿಲ್ಲ. ಆರು ವರ್ಷವಲ್ಲ, ಆರು ಸಾವಿರ ವರ್ಷದಿಂದ ಎತ್ತಿಲ್ಲ. ಅಂಗೈ ಅದನ್ನು ಹೇಳುತ್ತಿತ್ತು, ನಾನು ಕೇಳದವನ ಹಾಗೆ ಬಗ್ಗಿ ನಿಂತಿದ್ದೆ.

"ಗಟ್ಟಿ ಇದೆಯಾ ತಮ್ಮಾ?"

ತಲೆ ಎತ್ತಿದೆ. ಅವನ ಮುಖದಲ್ಲಿ ಎಷ್ಟೋ ದಿನದಿಂದ ಇಲ್ಲದಿದ್ದ ಒಂದು ನೆಮ್ಮದಿ ಇತ್ತು. ಹೊರೆ ಇಳಿಸಿದ ಎತ್ತಿನ ಮುಖದಲ್ಲಿ ಬರುವಂಥದ್ದು.

"ಬಂಡಿ ಓಡಾಡಿ ಗಟ್ಟಿಯಾಗಿದೆ ಅಣ್ಣ" ಅಂದೆ.

ನನ್ನ ಬಾಯಲ್ಲಿ ಬಂದ ದೊಡ್ಡ ಸುಳ್ಳೆಂದರೆ ಅದೇ. ದಯೆಯಿಂದ ಹೇಳಿದೆನೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ, ನನಗೆ ಸಾಕಾಗಿತ್ತು. ಇಲ್ಲವೆಂದರೆ ಇನ್ನೊಂದು ಸಾವಿರದ ಎಂಬತ್ತು ಸಲ ಬಗ್ಗಬೇಕು. ಎಲ್ಲಿ ಹುಡುಕುವುದು, ಯಾವ ದಿಕ್ಕಿಗೆ? ಈ ಅಣ್ಣ ಹೀಗೇ ಸುಖವಾಗಿರಲಿ ಎಂದುಕೊಂಡು ಗುಂಡಿ ತೋಡಿದೆ. ಎರಡು ಗಂಟೆ ಹಿಡಿಯಿತು. ಕಂಬ ನಿಂತ ಮೇಲೆ ಅವನು ಚಾಕುವಿನಿಂದ ಎದೆಯೆತ್ತರಕ್ಕೆ ಕೆತ್ತಿದ: ಡಾರ್ಕಸ್, ಜೇಬೆಜನ ಹೆಂಡತಿ. ಕಂಬಕ್ಕೆ ಹಣೆ ಊರಿ ನಿಂತು, "ಬಂದೆ ನೋಡು" ಅಂದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಆಮೇಲೆ ಅವನ ಹೆಜ್ಜೆ ಮೊದಲಿನಂತಾಯಿತು. ಎಂಬತ್ತಕ್ಕೆ ಎಂಬತ್ತು. ನನ್ನ ಮುಂದಿನ ಪಾಲು ನಾಲ್ಕನೆಯ ಕಂಬ. ಅಲ್ಲೂ ನೆಲ ಗಟ್ಟಿ. ಊಟಕ್ಕೆ ಕುಳಿತಾಗ ಹುಲ್ಡಾ ಅಕ್ಕ ನನ್ನ ತಟ್ಟೆ ನೋಡಿ, "ಯಾಕೋ ತಿಂತಿಲ್ಲ? ಹುರುಳೀಲಿ ಕಲ್ಲು ಸಿಕ್ತಾ?" ಅಂದಳು. "ನೆಲದಲ್ಲಿ ಸಿಕ್ತು" ಅಂದೆ.

ಬಿಸಿಲು ಇಳಿಯುವ ಹೊತ್ತಿಗೆ ಎಂಟನೆಯ ಗೂಟಕ್ಕೆ ಬಂದೆ. ಹಳೆಯ ಜಾಡು ಅಲ್ಲಿ ಒಂದಿಷ್ಟು ತಿರುಗಿ ನಮ್ಮ ಸಾಲಿನ ಅಡಿಗೇ ಬಂದಿತ್ತು. ಗೂಟದ ತಲೆಯ ಕೆಂಪು ಬಟ್ಟೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಹಾರೆ ಎತ್ತಿ, ಬೆಳಗಿನ ನೆಲದ ನೆನಪಿನಲ್ಲಿ ಮೈಯ ಬಲವೆಲ್ಲ ಹಾಕಿ ಬಿಟ್ಟೆ.

ಹಾರೆ ಮೊಳದುದ್ದ ಇಳಿದು ನಿಂತಿತು. ಸದ್ದೇ ಇಲ್ಲ.

ನಾನು ಅದನ್ನು ಹಿಡಿದುಕೊಂಡೇ ಇದ್ದೆ, ಕೀಳಲಿಲ್ಲ. ಆಮೇಲೆ ಸಲಿಕೆ ತೆಗೆದುಕೊಂಡು ಮಂಡಿಯೂರಿ, ಮಗುವಿನ ಹೊದಿಕೆ ಸರಿಸುವ ಹಾಗೆ ಮಣ್ಣು ಸರಿಸಿದೆ. ಸುಣ್ಣದ ಪದರ ಇಲ್ಲಿ ಮುರಿದು ಚೂರಾಗಿ ಮಣ್ಣಿನಲ್ಲಿ ಬೆರೆತಿತ್ತು. ಎರಡು ಮೊಳದ ಆಳದಲ್ಲಿ ಸಲಿಕೆಗೆ ಮರ ತಾಗಿತು. ಕೈಯಿಂದ ಬಿಡಿಸಿದೆ. ಹಲಗೆಯ ಮೂಲೆ. ಮೂಲೆಯಲ್ಲಿ ಹೆಬ್ಬೆಟ್ಟು ಹೋಗುವಷ್ಟು ತೂತು.

ಆ ತೂತಿಗೆ ನಾನು ಬೆರಳು ಹಾಕಲಿಲ್ಲ. ಅದು ಅವಳದು.

ಕಂಬದ ಬಂಡಿ ಹತ್ತಿರ ಬಂತು. ಹಿಂದೆಯೇ ಮೇಸ್ತ್ರಿ. "ಏನ್ ಸಂತರೇ, ಗುಂಡೀಲೇ ಪ್ರಾರ್ಥನೆಯಾ? ಬೇಗ ಏಳಿ, ಇವತ್ತು ಇನ್ನೂ ಹನ್ನೆರಡು ಬಾಕಿ ಇದೆ."

"ಮೇಸ್ತ್ರಿ, ಜೇಬೆಜಣ್ಣನ್ನ ಕರೀರಿ" ಅಂದೆ.

"ಅವನು ಅರ್ಧ ಮೈಲಿ ಮುಂದಿದ್ದಾನೆ. ಏನಾಯ್ತು?"

"ಕರೀರಿ ಸ್ವಾಮಿ."

ನನ್ನ ದನಿಯಲ್ಲಿ ಏನಿತ್ತೋ, ಅವನು ಗೇಲಿ ಮಾಡಲಿಲ್ಲ. ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದ. ಮುದುಕ ನಡೆದು ಬರುವುದನ್ನು ನೋಡುತ್ತಾ ನಾನು ಮಾತು ಹುಡುಕುತ್ತಿದ್ದೆ. ಬೆಳಗ್ಗೆ ಸುಲಭವಾಗಿತ್ತು. ಒಂದು ಸುಳ್ಳು ಸಾಕಾಗಿತ್ತು. ಈಗಲೂ ಮಣ್ಣು ಎಳೆದು ಮುಚ್ಚಿ ಇಲ್ಲಿ ಕಲ್ಲಿದೆ, ಪಕ್ಕಕ್ಕೆ ತೋಡುತ್ತೇನೆ ಎನ್ನಬಹುದಿತ್ತು. ಆದರೆ ಅವಳು "ಬನ್ನಿ" ಅಂದಿದ್ದು ಈ ನೆಲದಲ್ಲಿ. ಅವನು "ಬಂದೆ" ಅಂದಿದ್ದು ಇನ್ನೆಲ್ಲೋ. ಆ ಎರಡು ಮಾತಿನ ನಡುವೆ ನಾನು ಅಡ್ಡ ಮಲಗಿರುವುದು ಸಾಧ್ಯವಿರಲಿಲ್ಲ.

"ಅಣ್ಣಾ" ಅಂದೆ, "ಬೆಳಗ್ಗೆ ನಾನು ಸುಳ್ಳು ಹೇಳ್ದೆ. ಆ ನೆಲ ಯಾವತ್ತೂ ಅಗೆದದ್ದಲ್ಲ. ನಂಗೆ ಮೊದಲನೇ ಏಟಿಗೇ ಗೊತ್ತಾಯ್ತು. ಹೇಳ್ಲಿಲ್ಲ. ತಪ್ಪಾಯ್ತು."

ಅವನು ನನ್ನ ಮಾತು ಕೇಳಿದನೋ ಇಲ್ಲವೋ. ಗುಂಡಿಯೊಳಗೆ ನೋಡುತ್ತಿದ್ದ. ನಿಧಾನವಾಗಿ ಇಳಿದು ಕುಳಿತು, ಹೆಬ್ಬೆಟ್ಟನ್ನು ತೂತಿನೊಳಗೆ ಇಟ್ಟ. ಹಾಗೇ ಇಟ್ಟುಕೊಂಡಿದ್ದ. ಎತ್ತು ಒಂದು ಸಲ ಬಾಲ ಬೀಸಿತು. ಮೇಸ್ತ್ರಿ ನನ್ನ ಮುಖ ನೋಡಿದ. ಎರಡು ಮಾತಿನಲ್ಲಿ ಹೇಳಿದೆ. ಅವನು ಟೋಪಿ ತೆಗೆದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

"ಎಂಟು ಕಂಬ" ಅಂದ ಜೇಬೆಜಣ್ಣ ಒಳಗಿನಿಂದ. "ಎಂಟೆಂಬತ್ತಲೆ ಆರುನೂರ ನಲವತ್ತು ಹೆಜ್ಜೆ. ಹೆಜ್ಜೆಗೆ ಒಂದೂ ಮುಕ್ಕಾಲು ಮೊಳ ಹಿಡಿದ್ರೆ ಸಾವಿರದ ನೂರು ಮೊಳ ಚಿಲ್ಲರೆ." ತುಟಿ ಅಲುಗುತ್ತಿತ್ತು. ನೇಕಾರನ ತಲೆ ಅಳುವುದಕ್ಕೂ ಮೊದಲು ಲೆಕ್ಕ ಹಾಕಿತು. "ಸಾವಿರದ ಎಂಬತ್ತು ಸುತ್ತಿಗೆ ಅಷ್ಟು ತಪ್ಪು ಅಂದ್ರೆ, ಸುತ್ತಿಗೆ ಒಂದು ಮೊಳ. ಹೆಚ್ಚುಕಡಿಮೆ ಒಂದು ಮೊಳ. ಎಣಿಕೆ ತಪ್ಪಿದ್ರೆ ಹಂಗಾಗಲ್ಲ. ಹುರಿ ತಪ್ಪು. ಪ್ರತಿ ಸುತ್ತಿಗೂ ತಪ್ಪಿದೆ."

"ಗಾಲಿಗೆ ಸುತ್ತಿ ಅಳೆದದ್ದು ತಾನೆ?" ಅಂದೆ.

"ಊರು ಸೇರಿದ ಮೇಲೆ, ಬಂಡಿ ಮಾರೋ ಮುಂಚೆ ಅಳೆದೆ. ಹಿಂದಿನ ಗಾಲಿಗೆ. ಬಟ್ಟೆ ಕಟ್ಟಿದ್ದು ಹಿಂದಿನ ಗಾಲಿಗೇ ಅಲ್ವಾ..."

ಅಲ್ಲಿಗೆ ನಿಲ್ಲಿಸಿದ. ಗುಂಡಿಯಿಂದ ಎದ್ದು, ಮಣ್ಣಿನ ಕೈಯಲ್ಲೇ ಹುರಿ ತೆಗೆದು, ಕಂಬದ ಬಂಡಿಯ ಹತ್ತಿರ ಹೋದ. ಎಲ್ಲ ಬಂಡಿಯ ಹಾಗೆ ಅದಕ್ಕೂ ಹಿಂದಿನ ಗಾಲಿ ದೊಡ್ಡದು, ತಿರುಗಲು ಅನುಕೂಲವಾಗಲೆಂದು ಮುಂದಿನದು ಚಿಕ್ಕದು. ಹುರಿಯನ್ನು ಮುಂದಿನ ಗಾಲಿಗೆ ಸುತ್ತಿದ. ಗಾಲಿಯ ಸುತ್ತು ಪೂರ್ತಿಯಾದ ಮೇಲೂ ಒಂದು ಮೊಳ ಮಿಕ್ಕಿ ಕೆಳಗೆ ಜೋತುಬಿದ್ದಿತು.

ಅವನು ಆ ಮಿಕ್ಕ ಮೊಳವನ್ನು ಹಿಡಿದುಕೊಂಡು ನೆಲದ ಮೇಲೆ ಕುಳಿತ.

"ಅವಳ ತಲೆ ಹಿಂದಿನ ಗಾಲಿ ಪಕ್ಕಕ್ಕೆ ಇತ್ತು" ಅಂದ. "ಪಟ್ ಪಟ್ ಅಂತಿತ್ತು. ಬಿಚ್ಚಿಬಿಡ್ರಿ ಅಂದ್ಲು. ಹಾಯ್ಗಡ ದಾಟಿದ ಮೇಲೆ ನಾನು... ತಮ್ಮಾ, ನಾನು ಬಿಚ್ಚಿದೆ ಕಣೋ. ಬಿಚ್ಚಿ ಮುಂದಿನ ಗಾಲಿಗೆ ಕಟ್ದೆ. ಅದು ದೂರ, ಕೇಳ್ಸಲ್ಲ ಅಂತ. ‘ಈಗ ಹೇಗಿದೆ’ ಅಂದೆ. ‘ಈಗ ನಿದ್ದೆ ಬರುತ್ತೆ’ ಅಂದ್ಲು." ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಯಾವತ್ತಿನ ಹಾಗೆ ಮೆಲ್ಲಗಿತ್ತು. "ಆರು ವರ್ಷದಿಂದ ಅವಳ ಮಾತು ಕೇಳ್ಲಿಲ್ಲ ಅಂತ ಕೊರಗ್ತಿದ್ದೆ. ಕೇಳಿದ್ದೆ."

ಮುದುಕರ ನೆನಪು ವಿಚಿತ್ರ. ಮಾಡದ ಪಾಪವನ್ನು ಭದ್ರವಾಗಿ ಇಟ್ಟುಕೊಂಡಿರುತ್ತದೆ, ಮಾಡಿದ ಒಳ್ಳೆಯದನ್ನು ದಾರಿಯಲ್ಲಿ ಬೀಳಿಸಿಕೊಂಡು ಬರುತ್ತದೆ. ಬಿದ್ದದ್ದನ್ನು ಎತ್ತಿಡುವವನು ಮೇಲೊಬ್ಬನಿದ್ದಾನೆ ಎಂದು ನಾನು ನಂಬಿದವನು.

ಮೇಸ್ತ್ರಿ ಕೆಮ್ಮಿದ. ಈ ತುದಿಯಿಂದ ಆ ತುದಿಯವರೆಗೆ ಕಂಬದ ಸಾಲು ನೋಡಿದ. ಕಂಪನಿಯ ನಕ್ಷೆಯಲ್ಲಿ ಗೆರೆ ನೇರ, ಒಂದು ಕಂಬ ವಕ್ರ ನಿಂತರೂ ಕಿತ್ತು ನೆಡಿಸುತ್ತಿದ್ದವನು ಅವನು.

"ಗುಂಡಿ ಮುಚ್ಚಿ" ಅಂದ. "ಎರಡು ಹೆಜ್ಜೆ ಉತ್ತರಕ್ಕೆ ತೋಡಿ."

"ಸಾಲು ಸೊಟ್ಟ ಆಗುತ್ತೆ ಮೇಸ್ತ್ರಿ" ಅಂದ ಬಂಡಿ ಹೊಡೆಯುವವನು.

"ಆಗ್ಲಿ. ತಂತಿಗೇನು ಸೊಂಟ ನೋವು ಬರಲ್ಲ." ಆಮೇಲೆ ಜೇಬೆಜಣ್ಣನ ಕಡೆ ತಿರುಗಿ, ತನಗೇ ಮುಜುಗರವಾದವನ ಹಾಗೆ, "ಆ ಹಿಂದಿನ ಕಂಬದ ಮೇಲೆ ಹೆಸರು ಕೆತ್ತಿದ್ದೀಯಲ್ಲ. ಕಿತ್ತು ಇಲ್ಲಿಗೆ ತರ್ಸೋಣ್ವಾ? ಅರ್ಧ ದಿನ ಹೋಗುತ್ತೆ. ಹೋಗ್ಲಿ ಬಿಡು" ಅಂದ.

ಜೇಬೆಜಣ್ಣ ತಲೆಯಾಡಿಸಿದ. "ಬೇಡ ಮೇಸ್ತ್ರಿ, ಎಲ್ರಿಗೂ ಸುಸ್ತಾಗಿದೆ. ಬೆಳಗ್ಗೆ ಅಲ್ಲಿ ಪ್ರಾರ್ಥನೆ ಮಾಡಿದೀನಿ. ಎಂಟು ಕಂಬ ನಡೆಯೋ ಶಕ್ತಿ ಇಲ್ದೇ ಇರೋ ಪ್ರಾರ್ಥನೆ ಸ್ವರ್ಗಕ್ಕೆ ಹೇಗೆ ಹೋದೀತು?"

ಮೇಸ್ತ್ರಿ ನಕ್ಕುಬಿಟ್ಟ. ಆ ಬೇಸಿಗೆಯಲ್ಲಿ ನಮ್ಮವನೊಬ್ಬನ ಮಾತಿಗೆ ಅವನು ನಕ್ಕದ್ದು ಅದೇ ಮೊದಲು.

ಮಣ್ಣನ್ನು ಕೈಯಿಂದಲೇ ಮುಚ್ಚಿದೆವು, ನಾನೂ ಜೇಬೆಜಣ್ಣನೂ. ಮೊದಲು ಮಣೆಯ ಮೂಲೆ ಮುಚ್ಚುವಷ್ಟು ಅವನೇ ಹಾಕಿದ. ಈ ಸಲ ಅದರ ಮೇಲೆ ಯಾವ ಬಂಡಿಯೂ ಹಾಯಲಿಲ್ಲ. ಎರಡು ಹೆಜ್ಜೆ ಉತ್ತರಕ್ಕೆ ಗಟ್ಟಿ ನೆಲದಲ್ಲಿ ಹೊಸ ಗುಂಡಿ ತೋಡಿದೆ. ಕೈಯಲ್ಲಿ ಶಕ್ತಿ ಉಳಿದಿರಲಿಲ್ಲ, ಹಾರೆ ತನ್ನ ಪಾಡಿಗೆ ತಾನು ಬೀಳುತ್ತಿತ್ತು. ಮೇಸ್ತ್ರಿಯೇ ಕೋಟು ಬಿಚ್ಚಿ ಕೊನೆಯ ಮೊಳ ತೋಡಿದ. ಕಂಬ ಎತ್ತಿ ನಿಲ್ಲಿಸಿ, ಸುತ್ತ ಕಲ್ಲು ಬಡಿದು ಬಿಗಿ ಮಾಡಿದೆವು. ಹುಲ್ಡಾ ಅಕ್ಕನ ಬಂಡಿ ಬಂತು. ಅವಳು ಇಳಿದು ನೋಡಿ, ಒಂದು ಲೋಟ ಬಿಸಿನೀರಿಗೆ ಸಕ್ಕರೆ ಹಾಕಿ ಜೇಬೆಜಣ್ಣನ ಕೈಗೆ ಕೊಟ್ಟಳು.

ಅವನು ನಿಂತುಕೊಂಡೇ ಕುಡಿದ. ಲೋಟ ಹಿಂದಕ್ಕೆ ಕೊಟ್ಟ. ಇನ್ನೂ ಹನ್ನೊಂದು ಗೂಟ ಬಾಕಿಯಿತ್ತು.

ಹೊರಡುವ ಮುನ್ನ ಹಳೆಯ ಗೂಟದ ಹತ್ತಿರ ಹೋದ. ಅದು ಇನ್ನೂ ಅವಳ ತಲೆಯ ಪಕ್ಕದಲ್ಲೇ ನಿಂತಿತ್ತು. ಕೆಂಪು ಬಟ್ಟೆ ಗಾಳಿಗೆ ಬಡಿದುಕೊಳ್ಳುತ್ತಿತ್ತು: ಪಟ್, ಪಟ್, ಪಟ್. ಬಗ್ಗಿ ಅದರ ಗಂಟು ಬಿಚ್ಚಿದ. ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಇಟ್ಟುಕೊಂಡ.

"ಸದ್ದು ಮಾಡುತ್ತೆ" ಅಂದ ನನ್ನ ಕಡೆ ನೋಡಿ. ಆಮೇಲೆ ಪೂರ್ವಕ್ಕೆ ಮುಖ ಮಾಡಿ ಎಣಿಸತೊಡಗಿದ.